ಅಪ್ಪನ ಸಾಕ್ಷಿ, ಅವ್ವನ ಕೈ

ನಮ್ಮ ಮನೆಯಲ್ಲಿ ನಡೆದದ್ದನ್ನು ನಾನು ಮೊದಲು ಕಣ್ಣಾರೆ ಕಂಡೆ. ಆಮೇಲೆ ಅದನ್ನೇ ಎಷ್ಟೋ ವರ್ಷ ಮೈಕಿನಲ್ಲಿ ಕೇಳಿದೆ. ಎರಡಕ್ಕೂ ತಾಳೆಯೇ ಇರಲಿಲ್ಲ. ಮೈಕಿನಲ್ಲಿ ಕೇಳಿದ್ದೇ ಚೆನ್ನಾಗಿತ್ತು. ಅದಕ್ಕೊಂದು ಶುರು, ಒಂದು ಕೊನೆ ಇತ್ತು, ಕೇಳಿದವರು ಕಣ್ಣೊರೆಸಿಕೊಂಡು ಎದ್ದು ಹೋಗುತ್ತಿದ್ದರು. ಕಂಡದ್ದಕ್ಕೆ ಅಂಥದ್ದೇನೂ ಇರಲಿಲ್ಲ. ಆದರೂ ಕಂಡದ್ದನ್ನೇ ಮೊದಲು ಹೇಳುತ್ತೇನೆ.

ನಂಜನಗೂಡಿನಲ್ಲಿ ರೈಲು ಹಳಿ ದಾಟಿದರೆ ಸಿಗುವ ಬೀದಿಯಲ್ಲಿ ನಮ್ಮ ಮನೆ. ಮುಂದೆ ಇಬ್ಬರು ಕೂರುವಷ್ಟು ಜಗಲಿ, ಒಳಗೆ ಒಂದೇ ನಡುಮನೆ, ಅದರ ಹಿಂದೆ ತಲೆ ಬಗ್ಗಿಸಿ ಹೋಗಬೇಕಾದ ಅಡಿಗೆ ಮನೆ. ಅಪ್ಪನ ಹೆಸರು ಸಿದ್ದರಾಜು, ಗಾರೆ ಕೆಲಸದ ಮೇಸ್ತ್ರಿ. ಪೇಟೆಯವರ ಮನೆಗಳಿಗೆ ಅವನು ಹಾಕಿದ ಕೆಂಪು ಗಾರೆಯ ನೆಲದಲ್ಲಿ ಮುಖ ನೋಡಿಕೊಳ್ಳಬಹುದು ಎನ್ನುತ್ತಿದ್ದರು. ನಮ್ಮ ಮನೆಯದು ಮಾತ್ರ ಅವ್ವ ಸಗಣಿ ಹಾಕಿ ಸಾರಿಸುತ್ತಿದ್ದ ಮಣ್ಣು ನೆಲ. ಅವ್ವ ಚಿಕ್ಕತಾಯಮ್ಮ ಅಕ್ಕಿ ಗಿರಣಿಯಲ್ಲಿ ಕೇರುವ ಕೆಲಸಕ್ಕೆ ಹೋಗುತ್ತಿದ್ದಳು; ಸಂಜೆ ಮನೆಗೆ ಬಂದಾಗ ಅವಳ ಹುಬ್ಬು, ರೆಪ್ಪೆಯೆಲ್ಲ ತೌಡಿನ ಧೂಳಿಗೆ ಬೆಳ್ಳಗಾಗಿರುತ್ತಿತ್ತು. ಸುಗ್ಗಿ ಮುಗಿದ ಮೇಲೆ ಸುತ್ತಲ ಊರುಗಳಲ್ಲಿ ಪೌರಾಣಿಕ ನಾಟಕ ಕಟ್ಟುವ ಕಾಲಕ್ಕೆ ಅಪ್ಪನಿಗೆ ಕರೆ ಬರುತ್ತಿತ್ತು. ಕಳಲೆಯಲ್ಲಿ, ಹುಲ್ಲಹಳ್ಳಿಯಲ್ಲಿ ಅವನ ಕಂಠಕ್ಕೆ ಹೆಸರಿತ್ತು. ಅವನಿಗೆ ಯಾವಾಗಲೂ ದುಷ್ಟನ ಪಾತ್ರ. ಸೋತು ನೆಲಕ್ಕುರುಳಿ ಪಶ್ಚಾತ್ತಾಪ ಪಡುವ ಕೊನೆಯ ಮಾತುಗಳಿಗೆ ಬಂದರೆ ಹೆಂಗಸರು ಗೊಳೋ ಎಂದು ಅಳುತ್ತಿದ್ದರು. ಅವ್ವ ಒಂದೇ ಸಲ ಹೋಗಿ ನೋಡಿದ್ದಳಂತೆ. ನನಗೆ ಹೇಳಿದ್ದು ಇಷ್ಟೇ: "ಆಟದಾಗೆ ಎಷ್ಟ್ ಚಂದ ಅಳ್ತನೆ ನಿಮ್ಮಪ್ಪ."

ಆ ಕಾಲದಲ್ಲಿ ಸಾರಾಯಿ ಪ್ಯಾಕೆಟ್ಟಿನಲ್ಲಿ ಬರುತ್ತಿತ್ತು. ಅಪ್ಪ ಅದರ ಮೂಲೆಯನ್ನು ಹಲ್ಲಿನಲ್ಲಿ ಕಚ್ಚಿ ಕಿತ್ತು, ಕೂಸು ಹಾಲು ಕುಡಿಯುವ ಹಾಗೆ ಕಣ್ಣು ಮುಚ್ಚಿ ಕುಡಿಯುತ್ತಿದ್ದ. ಅವನು ಬೀದಿಯ ತಿರುವಿಗೆ ಬರುವಾಗಲೇ ಕೆಮ್ಮಿನಿಂದ ಇವತ್ತು ಎಷ್ಟಾಗಿದೆ ಎಂದು ನನಗೆ ಗೊತ್ತಾಗುತ್ತಿತ್ತು. ಅಡಿಗೆ ಮನೆಯಲ್ಲಿ ರಾಗಿ ತುಂಬಿಡುವ ದೊಡ್ಡ ಗುಡಾಣವಿತ್ತು. ಅದರ ಹಿಂದೆ ನನಗಷ್ಟೇ ಹಿಡಿಯುವ ಜಾಗ. ನನ್ನ ಬಾಲ್ಯದ ಎಷ್ಟೋ ಹೊತ್ತು ಆ ಗುಡಾಣದ ಹಿಂದೆಯೇ ಕಳೆಯಿತು.

ಅವ್ವನ ಕೈ ಮುರಿದದ್ದು ಒಂದು ಮಧ್ಯಾಹ್ನ. ನನಗಾಗ ಏಳೋ ಎಂಟೋ. ಪಕ್ಕದ ಮನೆಯ ರೇಡಿಯೋದಲ್ಲಿ ಭತ್ತಕ್ಕೆ ಬರುವ ರೋಗದ ಬಗ್ಗೆ ಯಾರೋ ಮಾತಾಡುತ್ತಿದ್ದರು. ನಾನು ಸ್ಕೂಲಿನಿಂದ ಊಟಕ್ಕೆ ಬಂದಿದ್ದೆ. ಅವ್ವ ಒಲೆಯ ಮುಂದೆ ಕೂತು ಮುದ್ದೆಗೆ ಹಿಟ್ಟು ತೊಳಸುತ್ತಿದ್ದಳು. ಅಪ್ಪ ಬಂದು ಬಾಗಿಲಲ್ಲಿ ನಿಂತ.

"ಇಟ್ಟು ಇಕ್ಕು."

"ಕೂಸು ವಾಪಸ್ ಸ್ಕೂಲ್ಗೆ ಓಗ್ಬೇಕು. ಅದ್ಕೆ ಮೊದ್ಲು ಇಕ್ತೀನಿ. ನೀ ಕೈ ತೊಳ್ಕೊಂಡ್ ಕುಂತ್ಕೋ."

ಆಗಿದ್ದು ಇಷ್ಟೇ ಮಾತು. ಅಪ್ಪ ಬಗ್ಗಿ ಅವಳ ಕೈಯಿಂದ ಹಿಟ್ಟಿನ ಕೋಲನ್ನು ಕಿತ್ತುಕೊಂಡ. ಕೋಲಿಗೆ ಬಿಸಿ ಹಿಟ್ಟು ಮೆತ್ತಿಕೊಂಡಿತ್ತು. ಮೊದಲ ಏಟು ಬೆನ್ನಿಗೆ. ಎರಡನೆಯದು ತಲೆಗೆ ಬೀಳುತ್ತದೆಂದು ಅವ್ವ ಎಡಗೈ ಅಡ್ಡ ಹಿಡಿದಳು. ಒಣಗಿದ ಸೌದೆ ಮುರಿದಂತೆ ಸದ್ದಾಯಿತು. ಅವ್ವ ಕೂಗಲಿಲ್ಲ, ಉಸಿರನ್ನು ಒಳಕ್ಕೆ ಎಳೆದುಕೊಂಡಳು, ಅಷ್ಟೆ. ನಾನು ಗುಡಾಣದ ಹಿಂದೆ ಸೇರಿಕೊಂಡಾಗಿತ್ತು, ನನ್ನ ಬಾಯಿಂದಲೂ ಒಂದು ಮಾತು ಹೊರಡಲಿಲ್ಲ. ಅಪ್ಪ ಕೋಲನ್ನು ಒಲೆಯ ಪಕ್ಕಕ್ಕೆ ಎಸೆದು, ಪಾತ್ರೆಯಲ್ಲಿದ್ದ ಹಿಟ್ಟನ್ನು ತಾನೇ ಕಿತ್ತು ತಟ್ಟೆಗೆ ಹಾಕಿಕೊಂಡು, ಉಪ್ಸಾರು ಬಿಟ್ಟುಕೊಂಡು ಉಂಡ. ಅದು ನನಗೆಂದು ಮಾಡಿದ ಹಿಟ್ಟು. ಅವನು ಉಂಡು ಕೈ ತೊಳೆಯುವವರೆಗೂ ಅವ್ವ ಗೋಡೆಗೆ ಒರಗಿ, ಮುರಿದ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ನೋಡುತ್ತಾ ಕೂತಿದ್ದಳು.

ಆಸ್ಪತ್ರೆಗೆ ಹೋದರೆ ಹೇಗಾಯಿತು ಎಂದು ಕೇಳುತ್ತಾರೆಂದು, ಮೂಳೆ ಕಟ್ಟುವ ಒಬ್ಬ ಮುದುಕನ ಹತ್ತಿರ ಕರೆದುಕೊಂಡು ಹೋದರು. ಬಿದಿರು ದಬ್ಬೆ ಇಟ್ಟು, ಮೊಟ್ಟೆಯ ಲೋಳೆ ಬಳಿದು, ಬಟ್ಟೆ ಸುತ್ತಿದ. ವಿಷಯ ಗೊತ್ತಾಗಿ ಟಿ. ನರಸೀಪುರದಿಂದ ನಮ್ಮಜ್ಜಿ, ಅವ್ವನ ತಾಯಿ, ಬಸ್ಸು ಹಿಡಿದು ಬಂದು ನಮ್ಮಿಬ್ಬರನ್ನೂ ಕರೆದೊಯ್ದಳು. ಅಪ್ಪ ಅಲ್ಲಿಗೂ ಬಂದು, ಬೀದಿಯವರೆಲ್ಲ ಸೇರುವ ಹಾಗೆ ಅತ್ತ. ಹಿರಿಯರು ಅವ್ವನಿಗೆ ಬುದ್ಧಿ ಹೇಳಿದರು. ನಾವು ನಂಜನಗೂಡಿಗೆ ವಾಪಸಾದೆವು. ಕಟ್ಟು ಬಿಚ್ಚಿದಾಗ ಅವ್ವನ ಕೈ ಮೊಳಕೈ ಕೆಳಗೆ ಹೊರಕ್ಕೆ ವಾಲಿಕೊಂಡಿತ್ತು. ಅದನ್ನು ಭುಜಕ್ಕಿಂತ ಮೇಲೆ ಎತ್ತಲು ಅವಳಿಗೆ ಮತ್ತೆಂದೂ ಆಗಲಿಲ್ಲ. ಗಿರಣಿಯಲ್ಲಿ ಮೊರವನ್ನು ಸೊಂಟಕ್ಕೆ ಆನಿಸಿಕೊಂಡು ಕೇರುವುದನ್ನು ಕಲಿತಳು.

ಇದಾಗಿ ಒಂದೆರಡು ವರ್ಷಕ್ಕೆ ಅಪ್ಪ ಕೆಲಸದ ಜಾಗದಲ್ಲೇ ರಕ್ತ ಕಾರಿಕೊಂಡು ಬಿದ್ದ. ಇನ್ನೊಂದು ಸಲ ಕುಡಿದರೆ ಹೆಣ ಹೊರಲು ಜನ ಹುಡುಕಿಕೊಳ್ಳಿ ಎಂದರಂತೆ ಡಾಕ್ಟರು. ಅಷ್ಟರಲ್ಲಿ ಅವ್ವ ಗಿರಣಿಯ ಗೆಳತಿ ರೂತಮ್ಮನ ಜೊತೆ ಭಾನುವಾರದ ಪ್ರಾರ್ಥನೆಗೆ ಹೋಗಲು ಶುರು ಮಾಡಿದ್ದಳು. ಶೀಟು ಹೊದಿಸಿದ ಒಂದು ಉದ್ದನೆಯ ಕೋಣೆ, ನೆಲಕ್ಕೆ ಚಾಪೆ. ಅಲ್ಲಿಗೆ ಹೋದದ್ದಕ್ಕೂ ಅಪ್ಪನಿಂದ ಬೈಗುಳ ತಿಂದಿದ್ದಳು. ಅಪ್ಪ ಆಸ್ಪತ್ರೆಯಿಂದ ಮನೆಗೆ ಬಂದ ದಿನ ಅವಳೇ ಹೋಗಿ ಪಾಸ್ಟರನ್ನು ಕರೆತಂದಳು. ಸಣಕಲು ಮನುಷ್ಯ, ಸೈಕಲ್ಲಿನಲ್ಲಿ ಬಂದರು. ಅಪ್ಪನ ತಲೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ಪ್ರಾರ್ಥನೆ ಮಾಡಿದರು. ಅಪ್ಪ ಅತ್ತ. ಆ ಅಳು ನಾಟಕದ್ದಾಗಿರಲಿಲ್ಲ, ಅದನ್ನು ನಾನು ಇವತ್ತಿಗೂ ನಂಬುತ್ತೇನೆ.

ಅದರ ಮಾರನೆಯ ದಿನದಿಂದ ಶುರುವಾದದ್ದು ಯಾವ ಮೈಕಿನಲ್ಲೂ ಬರಲಿಲ್ಲ. ಅಪ್ಪನ ಕೈಕಾಲು ಗಡಗಡ ನಡುಗತೊಡಗಿತು. ಗೋಡೆಯ ತುಂಬ ಇರುವೆ ಎಂದು ಕಿರುಚುತ್ತಿದ್ದ. ಗೋಡೆಯಲ್ಲಿ ಏನೂ ಇರಲಿಲ್ಲ. ಹಾಸಿಗೆಯಲ್ಲೇ ಒದ್ದೆ ಮಾಡಿಕೊಳ್ಳುತ್ತಿದ್ದ. ಒಂದು ಪ್ಯಾಕೆಟ್, ಒಂದೇ ಒಂದು ಪ್ಯಾಕೆಟ್ ಎಂದು ಅವ್ವನ ಕಾಲು ಹಿಡಿಯುತ್ತಿದ್ದ. ಕೊಡದಿದ್ದರೆ ಅವಳ ಹುಟ್ಟನ್ನು ಜಾಲಾಡುತ್ತಿದ್ದ. ಅವ್ವ ಗಿರಣಿಗೆ ಹೋಗುವುದನ್ನು ಬಿಟ್ಟು, ಬೀದಿ ಬಾಗಿಲಿಗೆ ಅಗುಳಿ ಹಾಕಿ, ಅದಕ್ಕೆ ಬೆನ್ನು ಕೊಟ್ಟು ಕೂತಳು. ನೀರು ತರುವುದು ನನ್ನ ಕೆಲಸ. ಒಂದು ಕೈಯಲ್ಲಿ ಅವನ ಬಟ್ಟೆ ಕುಕ್ಕಿ ಒಗೆಯುತ್ತಿದ್ದಳು. ಗಂಜಿ ಕಾಯಿಸಿ ಚಮಚದಲ್ಲಿ ಕುಡಿಸುತ್ತಿದ್ದಳು. ಒಮ್ಮೆ ಅವನು ಬಾಯಲ್ಲಿದ್ದ ಗಂಜಿಯನ್ನು ಅವಳ ಮುಖಕ್ಕೇ ಉಗಿದ. ಅವಳು ಸೆರಗಿನಲ್ಲಿ ಒರೆಸಿಕೊಂಡು ಇನ್ನೊಂದು ಚಮಚ ತುಂಬಿದಳು.

"ಉಣ್ಣು. ಇದ್ ಉಂಡ್ರೆ ಬದುಕ್ತೀಯ, ಅದ್ ಕುಡುದ್ರೆ ಸಾಯ್ತೀಯ. ಉಣ್ಣು."

ಎಷ್ಟು ದಿನ ನಡೆಯಿತೋ ನನಗೆ ಲೆಕ್ಕವಿಲ್ಲ. ಒಂದು ಬೆಳಿಗ್ಗೆ ಅಪ್ಪ ಗೋಡೆ ಹಿಡಿದುಕೊಂಡು ಎದ್ದು, ತಾನೇ ಅಗುಳಿ ತೆಗೆದು ಜಗಲಿಗೆ ಬಂದು ಬಿಸಿಲಿನಲ್ಲಿ ಕೂತ. ಬೀದಿಯಲ್ಲಿ ಹೋಗುತ್ತಿದ್ದವರು ಹೇಗಿದ್ದೀಯಲಾ ಸಿದ್ದ ಎಂದು ಕೇಳಿದರು. "ಕರ್ತ ನನ್ನ ಮುಟ್ಟುದ ಕಣ್ರಪ್ಪ. ದೇವರಿಗೆ ಮಹಿಮೆ" ಎಂದ. ಅವ್ವ ಹಿತ್ತಲಲ್ಲಿ ಅವನ ಪಂಚೆಯನ್ನು ಹಲ್ಲಲ್ಲಿ ಒಂದು ತುದಿ ಕಚ್ಚಿಕೊಂಡು, ಒಳ್ಳೆಯ ಕೈಯಲ್ಲಿ ಹಿಂಡುತ್ತಿದ್ದಳು.

ಕಪಿಲಾ ಹೊಳೆಯಲ್ಲಿ, ಜನ ಸ್ನಾನ ಮಾಡುವ ಮೆಟ್ಟಿಲುಗಳಿಂದ ಬಹಳ ಮೇಲಕ್ಕೆ, ಅವರಿಬ್ಬರಿಗೂ ದೀಕ್ಷಾಸ್ನಾನವಾಯಿತು. ಅಪ್ಪ ನೀರಿನಿಂದ ಎದ್ದಾಗ ಪೌಲ್ ಎಂದು ಹೆಸರಿಟ್ಟರು. ಅವ್ವನಿಗೂ ಒಂದು ಹೆಸರಿಟ್ಟರು. ಅದರಿಂದ ಅವಳನ್ನು ಯಾರೂ ಕರೆಯಲಿಲ್ಲ. ಮನೆ ಬದಲಾಯಿತು. ಇದನ್ನು ನಾನು ಮುಚ್ಚಿಡಬಾರದು. ಅಪ್ಪ ಮತ್ತೆ ಕುಡಿಯಲಿಲ್ಲ. ಕೆಲಸ ಮುಗಿಸಿ ಮಿಕ್ಕ ಸಿಮೆಂಟು, ಕಾವಿ ತಂದು ನಮ್ಮ ನಡುಮನೆಗೂ ಕೆಂಪು ಗಾರೆ ಹಾಕಿದ; ಮಂಡಿಯೂರಿ ಉಜ್ಜಿ ಉಜ್ಜಿ, ಅದರಲ್ಲಿ ನನ್ನ ಮುಖವನ್ನು ನನಗೇ ತೋರಿಸಿದ. ಸೈಕಲ್ಲಿನ ಮುಂದೆ ಕೂರಿಸಿಕೊಂಡು ಸ್ಕೂಲಿಗೆ ಬಿಡುತ್ತಿದ್ದ, ದಾರಿಯುದ್ದಕ್ಕೂ ಸಭೆಯ ಹಾಡುಗಳನ್ನು ನಾಟಕದ ಮಟ್ಟಿನಲ್ಲಿ ಹಾಡುತ್ತಿದ್ದ. ನನ್ನನ್ನು ಮುಂದೆ ಓದಿಸಬೇಕೆಂದು ಹಟ ಹಿಡಿದವನೂ ಅವನೇ. ಈ ಅಪ್ಪನನ್ನು ನಾನು ಬಹಳ ಪ್ರೀತಿಸಿದೆ. ಅದೇ ನನ್ನ ಕಷ್ಟ. ದ್ವೇಷಿಸಲು ಅವನು ನನಗೆ ಸಂದು ಕೊಡಲಿಲ್ಲ.

ಊಟಕ್ಕೆ ಮುಂಚೆ ಪ್ರಾರ್ಥನೆ ಬಂತು. ಅಪ್ಪನ ಪ್ರಾರ್ಥನೆ ಎಷ್ಟು ಉದ್ದವಿರುತ್ತಿತ್ತೆಂದರೆ ಮುದ್ದೆ ಆರಿ ಮೇಲೆ ಪೊರೆ ಕಟ್ಟುತ್ತಿತ್ತು. ಮಳೆಗೆ, ಬೆಳೆಗೆ, ದೇಶವನ್ನು ಆಳುವವರಿಗೆ, ಪಾಸ್ಟರ ಹೊಟ್ಟೆನೋವಿಗೆ, ಎಲ್ಲಕ್ಕೂ ಬೇಡುತ್ತಿದ್ದ. ಅಡಿಗೆ ಮಾಡಿದವಳ ಹೆಸರು ಅದರಲ್ಲಿ ಬರುತ್ತಿರಲಿಲ್ಲ. ಗಂಡ ಮನೆಗೆ ತಲೆ ಇದ್ದ ಹಾಗೆ, ಅವರನ್ನು ನೀವು ಎಂದು ಕರೆಯಬೇಕು ಸಿಸ್ಟರ್ ಎಂದು ಪಾಸ್ಟರು ಹೇಳಿಕೊಟ್ಟರು. ನಮ್ಮ ಬೀದಿಯಲ್ಲಿ ಹೆಂಗಸರು ಗಂಡನನ್ನು ನೀನು ಎನ್ನುವುದೇ ವಾಡಿಕೆ. ಅವ್ವ ಒಂದೆರಡು ಸಲ ತಡವರಿಸಿದಳು, ಆಮೇಲೆ ರೂಢಿ ಮಾಡಿಕೊಂಡಳು.

ಪಕ್ಷದ ಹಬ್ಬಕ್ಕೆ ನಮ್ಮಜ್ಜಿ ನರಸೀಪುರದಿಂದ ಕಜ್ಜಾಯ ಹೊತ್ತು ತಂದ ವರ್ಷ ಮನೆಯಲ್ಲಿ ಮಾತಿಗೆ ಮಾತು ಬಂತು. ಸತ್ತವರಿಗೆ ಎಡೆ ಇಟ್ಟದ್ದನ್ನು ಈ ಮನೆಯಲ್ಲಿ ತಿನ್ನುವ ಹಾಗಿಲ್ಲ ಎಂದು ಅಪ್ಪ ತಟ್ಟೆಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದ. ಮೊದಲಿನ ಅಪ್ಪನಾಗಿದ್ದರೆ ಎಸೆಯುತ್ತಿದ್ದ. ಈಗ ನಗುನಗುತ್ತಲೇ ಹೇಳಿದ.

"ಅತ್ತೇ, ಆ ದೇವ್ರುಗೋಳ್ನೆಲ್ಲ ಬುಟ್ಟ ಮ್ಯಾಲೆ ನೋಡಿ ನಾನೆಂಗಾದೆ. ನೀವೂ ಬನ್ನಿ."

ಅಜ್ಜಿ ಕಜ್ಜಾಯವನ್ನು ಒಂದೊಂದಾಗಿ ಬಟ್ಟೆಗೆ ಹಾಕಿ ಗಂಟು ಕಟ್ಟಿದಳು.

"ನಿನ್ ದೇವ್ರು ಕುಡ್ತ ಬುಡುಸ್ದ, ಒಪ್ಕತೀನಿ. ನನ್ ಮಗಳ ಕೈ ನೆಟ್ಗೆ ಮಾಡ್ದನೇನಪ್ಪ? ಮಾಡ್ಲಿ, ಆವತ್ತು ನಾನೂ ಬತ್ತೀನಿ."

ಆ ಮಾತನ್ನು ಅಪ್ಪ ತೆಗೆದಿಟ್ಟುಕೊಂಡ ಎಂದು ನನಗೆ ಆಮೇಲೆ ಅನ್ನಿಸಿತು. ಯಾಕೆಂದರೆ ಅವನ ಸಾಕ್ಷಿಯಲ್ಲಿ ಅವ್ವನ ಕೈ ಬಂದು ಸೇರಿದ್ದು ಅದರ ನಂತರವೇ.

ಸಾಕ್ಷಿ ಎಂದರೆ, ದೇವರು ನನ್ನ ಬಾಳಿನಲ್ಲಿ ಏನು ಮಾಡಿದ ಎಂದು ಸಭೆಯ ಮುಂದೆ ನಿಂತು ಹೇಳುವುದು. ಮೊದಮೊದಲು ಅಪ್ಪ ನಾಲ್ಕು ಮಾತು ಹೇಳಿ ಕೂರುತ್ತಿದ್ದ. ಆಮೇಲೆ ಅವನ ಕಂಠ ಜನಕ್ಕೆ ರುಚಿಸಿತು. ಹುಲ್ಲಹಳ್ಳಿ ಕಡೆಯಿಂದ ಕರೆ ಬಂತು, ಸುತ್ತೂರಿನ ಆಚೆಯ ಹಳ್ಳಿಗಳಿಂದ ಬಂತು. ಮೈಕ್ ಸೆಟ್ಟು ಬಂತು. ಹೇಳುತ್ತ ಹೇಳುತ್ತ ಸಾಕ್ಷಿ ಬೆಳೆಯಿತು. ಆ ಮಧ್ಯಾಹ್ನ ಸರಿರಾತ್ರಿಯಾಯಿತು, ಅದಕ್ಕೆ ಗುಡುಗು ಮಳೆ ಸೇರಿತು. ಹಿಟ್ಟಿನ ಕೋಲು ಮಚ್ಚಾಯಿತು. ಗುಡಾಣದ ಹಿಂದೆ ಬಾಯಿ ಬಿಡದೆ ನಿಂತಿದ್ದ ನಾನು, ಅವನ ಕಾಲು ಕಟ್ಟಿಕೊಂಡು ಬೇಡಪ್ಪಾ ಬೇಡಪ್ಪಾ ಎಂದು ಗೋಗರೆದೆ. ನನ್ನ ಪಾಲಿನ ಮಾತನ್ನು ಅವನು ಎಷ್ಟು ಸಣ್ಣ ಧ್ವನಿಯಲ್ಲಿ ಹೇಳುತ್ತಿದ್ದನೆಂದರೆ, ಹಾಗೆ ನಾನು ಹೇಳಿದ್ದೆನೇನೋ ಎಂದು ನನಗೇ ಅನುಮಾನ ಬರುತ್ತಿತ್ತು. ಆಮೇಲೆ ಪಾಸ್ಟರು ಬಂದು ತಲೆ ಮುಟ್ಟಿದರು, ಒಂದೇ ಕ್ಷಣದಲ್ಲಿ ಕುಡಿತದ ಆಸೆ ಬೇರು ಸಮೇತ ಕಿತ್ತು ಹೋಯಿತು! ಸಭೆ ಸ್ತೋತ್ರ ಎಂದು ಮೊರೆಯುತ್ತಿತ್ತು. ಮಹಿಮೆಯೆಲ್ಲಾ ದೇವರಿಗೇ ಎಂದು ಅಪ್ಪ ಎರಡೂ ಕೈ ಎತ್ತುತ್ತಿದ್ದ. ತನಗೆಂದು ಒಂದು ಚೂರೂ ಇಟ್ಟುಕೊಳ್ಳುತ್ತಿರಲಿಲ್ಲ. ಇನ್ನು ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದವಳಿಗೆ ಎಲ್ಲಿಂದ ಉಳಿಯಬೇಕು?

ಒಂದು ದಿನ ಅವರೆಕಾಯಿ ಬಿಡಿಸುತ್ತ ಅವ್ವನನ್ನು ಕೇಳಿದೆ.

"ಅವ್ವಾ, ಆವತ್ತು ಅಪ್ಪನ ಕೈಲಿ ಮಚ್ಚಿತ್ತಾ?"

"ಮಚ್ಚೆಲ್ಲಿಂದ ಬಂತು ನಮ್ಮನೇಲಿ? ಇಟ್ಟಿನ ಕೋಲು ಕಣ್ ಕೂಸು."

"ಮತ್ತೆ ಅಪ್ಪ ಯಾಕಂಗಂತನೆ?"

ಅವ್ವ ಇನ್ನೊಂದು ಕಾಯಿ ಬಿಡಿಸಿ ಕಾಳನ್ನು ಮೊರಕ್ಕೆ ಹಾಕಿದಳು. "ಕೋಲು ಅಂದ್ರೆ ಜನ ಅಳಕಿಲ್ವೇನೋ."

ಕೊನೆಗೆ ಅವ್ವನನ್ನೂ ಜೊತೆಗೆ ಕರೆದೊಯ್ಯತೊಡಗಿದರು. ಸಾಕ್ಷಿ ಕೈ ಮುರಿದ ಘಟ್ಟಕ್ಕೆ ಬಂದಾಗ ಅಪ್ಪ ಅವಳನ್ನು ಮುಂದಕ್ಕೆ ಕರೆದು, ಸೆರಗು ಸರಿಸಿ, ಆ ಕೈಯನ್ನು ಜನಕ್ಕೆ ತೋರಿಸುತ್ತಿದ್ದ. ಹಿಂದಿನ ಸಾಲಿನವರು ಎದ್ದು ನಿಂತು ನೋಡುತ್ತಿದ್ದರು. ಅವ್ವ ತನಗೂ ಅದಕ್ಕೂ ಸಂಬಂಧವಿಲ್ಲದವಳ ಹಾಗೆ ನೆಲ ನೋಡುತ್ತಿದ್ದಳು. ಮನೆಗೆ ಬಂದ ಮೇಲೆ ಎರಡು ದಿನ ಆ ಕೈಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಹೀಗೆ ವರ್ಷಗಳು ನಡೆದವು. ನಾನು ಹೈಸ್ಕೂಲು ಮುಗಿಸಿ ಪಿಯುಸಿಗೆ ಬಂದೆ.

ಆಗ ನರಸೀಪುರದಲ್ಲಿ ಒಂದು ಸುವಾರ್ತಾ ಕೂಟ ಇಟ್ಟುಕೊಂಡರು. ಶಾಮಿಯಾನ, ಟ್ಯೂಬ್‌ಲೈಟು, ದೊಡ್ಡ ಮೈಕು. ಅದು ಅವ್ವನ ತವರು. ಅವಳ ಜೊತೆ ಆಡಿ ಬೆಳೆದವರು, ಅವಳ ಮದುವೆಯಲ್ಲಿ ಅಕ್ಕಿ ಹಾಕಿದವರು, ಕುತೂಹಲಕ್ಕೆ ಬಂದು ಅಂಚಿನಲ್ಲಿ ನಿಂತಿದ್ದರು. ಅಜ್ಜಿಯೂ ಬಂದಿದ್ದಳು. ಚಾಪೆಯ ಮೇಲೆ ಕೂರದೆ ಮಣ್ಣಿನಲ್ಲಿ ಕೂತಿದ್ದಳು. ಬಸ್ಸಿನಲ್ಲಿ ಬರುವಾಗಲೇ ಅವ್ವ ಅಪ್ಪನನ್ನು ಕೇಳಿಕೊಂಡಿದ್ದಳು: "ಇವತ್ತೊಂದಿನ ನನ್ನ ಕರೀಬ್ಯಾಡಿ. ನಮ್ಮೂರು." ಅಪ್ಪ ಆಗಲಿ ಎಂದಿದ್ದ. ಆದರೆ ಆ ದಿನ ಅವನಿಗೆ ಬಹಳ ಚೆನ್ನಾಗಿ ಬರುತ್ತಿತ್ತು. ಜನ ಅಳುತ್ತಿದ್ದರು. ಅವನು ತಡೆದುಕೊಳ್ಳಲಾರದೆ ಹೋದ.

"ಬಾ ಚಿಕ್ಕತಾಯಮ್ಮ! ಬಂದು ತೋರ್ಸು ಈ ಜನಕ್ಕೆ, ಸೈತಾನ ಏನ್ ಮಾಡಿಸ್ದ ನನ್ನ ಕೈಲಿ ಅಂತ!"

ಎಲ್ಲರೂ ತಿರುಗಿ ಅವ್ವನನ್ನು ನೋಡಿದರು. ಅವಳು ಎದ್ದು ಹೋಗಲೇಬೇಕಾಯಿತು. ಅಪ್ಪ ಅವಳ ಕೈ ಹಿಡಿದು ಎತ್ತಿದ. ಹಿಂದೆ ನಿಂತವರಿಗೂ ಕಾಣಲೆಂದು ಇನ್ನೂ ಮೇಲಕ್ಕೆ, ಆ ಕೈ ಹೋಗಲಾರದಷ್ಟು ಮೇಲಕ್ಕೆ ಎತ್ತಿದ.

"ನೋಯ್ತದೆ ಬುಡು."

ಮೈಕು ಬಾಯಿಯ ಹತ್ತಿರವೇ ಇತ್ತು. ಅವ್ವನ ಮಾತು ಶಾಮಿಯಾನದ ನಾಲ್ಕೂ ಮೂಲೆಯ ಸ್ಪೀಕರಿನಲ್ಲಿ ಕೇಳಿತು. ಅಪ್ಪ ಬಿಡಲಿಲ್ಲ, ಕೇಳಿಸಲಿಲ್ಲವೋ, ಕೇಳಿಸಿಯೂ ಪಾತ್ರದೊಳಗಿಂದ ಹೊರಗೆ ಬರಲಾಗಲಿಲ್ಲವೋ. ಅವ್ವ ಬಲಗೈಯಿಂದ ಅವನ ಬೆರಳುಗಳನ್ನು ಬಿಡಿಸಿ ಕೈಯನ್ನು ಕಿತ್ತುಕೊಂಡಳು.

"ಬುಡು ಅಂದೆ. ನನ್ ಕೈ ಇದು."

ಯಾರೋ ಒಬ್ಬರು ರೂಢಿಯ ಮೇಲೆ "ಸ್ತೋತ್ರ" ಎಂದರು. ಅವ್ವ ವೇದಿಕೆ ಇಳಿದು ಜನರ ನಡುವೆ ನಡೆದು ಬಂದಳು. ಅಜ್ಜಿ ಎದ್ದು, ಜಾರಿದ ಅವಳ ಸೆರಗನ್ನು ಹೆಗಲಿಗೆ ಹೊದಿಸಿದಳು. ನಾವು ಮೂವರೂ ಅಜ್ಜಿಯ ಮನೆಗೆ ನಡೆದುಕೊಂಡು ಹೋದೆವು. ಹಿಂದಿನಿಂದ ಸ್ಪೀಕರಿನಲ್ಲಿ ಹಾಡು ಶುರುವಾದದ್ದು ಬಹಳ ದೂರದವರೆಗೆ ಕೇಳುತ್ತಿತ್ತು.

ನಾವು ನಂಜನಗೂಡಿಗೆ ಬಂದ ಮೇಲೆ ಪಾಸ್ಟರೂ ರೂತಮ್ಮನೂ ಮನೆಗೆ ಬಂದರು. ಅಪ್ಪ ಗೋಡೆಗೆ ಒರಗಿ, ಮಡಿಲಲ್ಲಿ ಬೈಬಲ್ ಇಟ್ಟುಕೊಂಡು ಕೂತಿದ್ದ. ಪಾಸ್ಟರು ಕೆಟ್ಟವರಲ್ಲ. ಮೆಲ್ಲಗೆ ಹೇಳಿದರು.

"ಸಿಸ್ಟರ್, ದೇವರು ಬ್ರದರನ್ನ ಕ್ಷಮಿಸಿ ಎಷ್ಟೋ ವರ್ಷ ಆಯ್ತು. ನೀವಿನ್ನೂ ಮನಸ್ಸಿನಲ್ಲಿ ಇಟ್ಕೊಂಡಿದ್ದೀರಿ. ಆ ಕಹಿ ನಿಮ್ಮನ್ನೇ ತಿನ್ನುತ್ತೆ."

"ಕ್ಷಮುಸಕ್ಕೆ ನಾನು ಸಿದ್ದವಾಗೇ ಇವ್ನಿ ಅಯ್ಯಾ. ಇವ್ರು ಕೇಳ್ಲಿ."

"ದೇವ್ರ ಮುಂದೆ ಕೇಳಿವ್ನಿ," ಎಂದ ಅಪ್ಪ. "ಅಳ್ತಾ ಅಳ್ತಾ ಕೇಳಿವ್ನಿ. ದೇವ್ರು ಕ್ಷಮುಸವ್ನೆ."

"ಮುರ್ದಿದ್ದು ದೇವ್ರ ಕೈಯಾ?"

ಪಾಸ್ಟರು ಚಾಪೆಯ ಹುಲ್ಲು ಕೀಳುತ್ತಾ ಕೂತರು. ರೂತಮ್ಮ ಕಣ್ಣು ಮುಚ್ಚಿಕೊಂಡು ಒಳಗೊಳಗೇ ಪ್ರಾರ್ಥನೆ ಮಾಡತೊಡಗಿದಳು. ಅಪ್ಪನ ಮುಖ ಕೆಂಪಾಯಿತು. ಆದರೂ ಧ್ವನಿ ಏರಿಸಲಿಲ್ಲ.

"ಅದ್ನ ಮಾಡ್ದೋನು ಸತ್ತೋದ. ಸಿದ್ದರಾಜು ಒಳೇಲಿ ಮುಳುಗಿ ಸತ್ತೋದ. ನಾನು ಪೌಲು. ನಾನ್ಯಾಕೆ ಕೇಳ್ಲಿ?"

ಅವ್ವ ಅವನನ್ನೇ ನೋಡಿದಳು. ವೇದಿಕೆಯ ಮೇಲಿನಂತೆ ನೋವಿಗೆ ಬಾಯಿ ತಪ್ಪಿಯಲ್ಲ, ಈಗ ಬೇಕೆಂದೇ ಅವಳ ಬಾಯಲ್ಲಿ ಮತ್ತೆ ನೀನು ಬಂತು.

"ಅಂಗಾರೆ ನಾನು ಮುಂಡೆ ಕಣಯ್ಯ. ಸಿದ್ದರಾಜನ ಎಂಡ್ತಿ ನಾನು, ಅವ್ನಿಗೇ ನಮ್ಮವ್ವ ಧಾರೆ ಎರ್ದಿದ್ದು. ಅವ್ನು ಸತ್ತೋದ್ಮೇಲೆ ನೀನ್ಯಾರು? ನನ್ ಮನೇಲಿ ಯಾಕ್ ಕುಂತಿದ್ದೀಯ?"

ಅಪ್ಪನ ಬಲಗೈ ಮಂಡಿಯಿಂದ ಮೇಲಕ್ಕೆದ್ದಿತು. ನಾನು ನೋಡಿದೆ, ರೂತಮ್ಮ ಕಣ್ಣು ತೆರೆದು ನೋಡಿದಳು, ಪಾಸ್ಟರೂ ನೋಡಿದರು. ಅವ್ವ ಈ ಸಲ ಕೈ ಅಡ್ಡ ಹಿಡಿಯಲಿಲ್ಲ. ಸುಮ್ಮನೆ ಕೂತು ಕಾದಳು. ಆ ಕೈ ಹಾಗೇ ಗಾಳಿಯಲ್ಲಿ ನಿಂತು, ಮೆಲ್ಲಗೆ ಬೈಬಲಿನ ಮೇಲಕ್ಕೆ ಇಳಿಯಿತು. ಅಪ್ಪ ಬೈಬಲನ್ನು ಎತ್ತಿಕೊಂಡು ಚಪ್ಪಲಿ ಮೆಟ್ಟಿ ಹೊರಟುಹೋದ. ತಾವು ಕಂಡದ್ದರ ಬಗ್ಗೆ ಪಾಸ್ಟರು ಆವತ್ತೂ ಮಾತಾಡಲಿಲ್ಲ, ಆಮೇಲೆಯೂ ಮಾತಾಡಲಿಲ್ಲ.

ಸಂಜೆಗೆ ಅಪ್ಪ ಬಂದ, ಉಂಡ. ಬಾಳು ಮೊದಲಿನಂತೆಯೇ ಸಾಗಿತು. ಸಾಕ್ಷಿಯೂ ನಿಲ್ಲಲಿಲ್ಲ. ಅವ್ವನನ್ನು ವೇದಿಕೆಗೆ ಕರೆಯುವುದೊಂದು ನಿಂತಿತು. ಅದರ ಬದಲು, ನನ್ನ ಹೆಂಡತಿಯ ಕಲ್ಲಾದ ಹೃದಯಕ್ಕಾಗಿ ಪ್ರಾರ್ಥಿಸಿರಿ ಎಂಬ ಮಾತು ಕೊನೆಗೆ ಸೇರಿಕೊಂಡಿತು. ಭಾನುವಾರ ಹೆಂಗಸರು ಅವಳ ಪಕ್ಕ ಕೂರಲು ಹಿಂದೆಮುಂದೆ ನೋಡುತ್ತಿದ್ದರು. ಅವಳು ಕೊನೆಯ ಸಾಲಿನಲ್ಲಿ ಗೋಡೆಗೆ ಒರಗಿ ಕೂರುತ್ತಿದ್ದಳು. ನನಗೆ ಸಿಟ್ಟು ಬಂದು ಕೇಳಿದೆ, ಇಷ್ಟಾದ ಮೇಲೂ ಯಾಕವ್ವಾ ಅಲ್ಲಿಗೆ ಹೋಗ್ತೀಯ?

"ದೇವ್ರೇನ್ ನಿಮ್ಮಪ್ಪನ ಮನೆ ಆಸ್ತಿಯಾ? ಮೊದ್ಲು ಓಗಿದ್ದು ನಾನು."

ಅವಳ ಸರದಿ ಬಂದಾಗ ಎದ್ದು ಒಂದೇ ಮಾತು ಹೇಳುತ್ತಿದ್ದಳು: ಕೂಸು ಓದ್ತಾ ಅದೆ, ಗಿರಣಿ ಕೆಲ್ಸ ಅದೆ, ದೇವ್ರಿಗೆ ಸ್ತೋತ್ರ. ಅದಕ್ಕೆ ಯಾರೂ ಅಳುತ್ತಿರಲಿಲ್ಲ. ನಾನು ಕೇಳಿದ ಸಾಕ್ಷಿಗಳಲ್ಲಿ ಸುಳ್ಳು ಸೇರದ ಸಾಕ್ಷಿ ಅದೊಂದೇ. ಆ ಕೋಣೆಯಲ್ಲಿ ಕೂತು ಬೆಳೆದದ್ದರಿಂದಲೋ ಏನೋ, ಯಾರಾದರೂ ತಾನು ಬದಲಾದೆ ಎಂದು ಹೇಳಿಕೊಂಡರೆ ನನ್ನ ಕಣ್ಣು ಇವತ್ತಿಗೂ ಅವರ ಪಕ್ಕದಲ್ಲಿ ಕೂತವರ ಮೇಲೆ ಹೋಗುತ್ತದೆ. ಈ ಚಾಳಿಯಿಂದ ನನಗೆ ಸ್ನೇಹಿತರು ಕಡಿಮೆ.

ನಾನು ಟೀಚರ್ ಕೆಲಸಕ್ಕೆ ಸೇರಿದ ಮೇಲೆ ಅಪ್ಪನ ಹಳೆಯ ಕಾಯಿಲೆ ಮರುಕಳಿಸಿತು. ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಕುಡಿತ ತನ್ನ ಕೆಲಸ ಮುಗಿಸಿಯೇ ಹೋಗಿತ್ತು. ತಾನೇ ಉಜ್ಜಿದ ಕೆಂಪು ನೆಲದ ಮೇಲೆ ಚಾಪೆ ಹಾಸಿಕೊಂಡು ಮಲಗಿದ. ಮತ್ತೆ ಗಂಜಿ, ಮತ್ತೆ ಚಮಚ. ಈ ಸಲ ಉಗಿಯಲಿಲ್ಲ. ನಾನು ಶನಿವಾರ ಬಂದಾಗಲೆಲ್ಲ ಈಗ ಕೇಳುತ್ತಾನೆ, ಈಗ ಕೇಳುತ್ತಾನೆ ಎಂದು ಕಾಯುತ್ತಿದ್ದೆ. ಒಂದು ಮಧ್ಯಾಹ್ನ "ತಾಯೀ" ಎಂದು ಅವ್ವನನ್ನು ಹತ್ತಿರ ಕರೆದ. ಅವಳು ಕೆಲಸ ಬಿಟ್ಟು ಬಂದು ಪಕ್ಕದಲ್ಲಿ ಕೂತಳು. ಅಪ್ಪ ಅವಳ ಮುಖವನ್ನು ಬಹಳ ಹೊತ್ತು ನೋಡಿದ. ತುಟಿ ಅಲುಗಿತು. ನಾನು ಅಡಿಗೆ ಮನೆಯ ಬಾಗಿಲಲ್ಲೇ ನಿಂತೆ.

"ಪ್ರಾರ್ಥನೆ ಮಾಡು," ಎಂದ.

ಅವ್ವ ತಲೆಯ ಮೇಲೆ ಸೆರಗು ಹಾಕಿಕೊಂಡು ಪ್ರಾರ್ಥನೆ ಮಾಡಿದಳು. ಅವನು ಆಮೆನ್ ಎಂದ. ಆ ವಾರವೇ ತೀರಿಕೊಂಡ.

ಮಣ್ಣಿಗೆ ಎಲ್ಲೆಲ್ಲಿಂದಲೋ ಜನ ಬಂದರು. ನಾವು ಹೆಸರು ಕೇಳದ ಹಳ್ಳಿಗಳಿಂದ ಟೆಂಪೋ ಮಾಡಿಕೊಂಡು ಬಂದರು. ಅಪ್ಪನ ಸಾಕ್ಷಿ ಕೇಳಿ ಕುಡಿತ ಬಿಟ್ಟವರು, ಗಟ್ಟಿಮುಟ್ಟಾದ ಗಂಡಸರು, ಹೆಣದ ಕಾಲು ಹಿಡಿದು ಮಕ್ಕಳ ಹಾಗೆ ಅತ್ತರು. ಹುಲ್ಲಹಳ್ಳಿ ಕಡೆಯ ಒಬ್ಬ ಹೆಂಗಸು ಅವ್ವನ ಕಾಲಿಗೆ ಬಿದ್ದು, ನಿಮ್ಮ ಯಜಮಾನರಿಂದ ನನ್ನ ಸಂಸಾರ ಉಳಿಯಿತು, ನನ್ನ ಗಂಡನೂ ಹೀಗೇ ಹೊಡೆಯುತ್ತಿದ್ದ ಎಂದಳು. ಅವ್ವ ಅವಳನ್ನು ಎಬ್ಬಿಸಿ ಪಕ್ಕದಲ್ಲಿ ಕೂರಿಸಿಕೊಂಡಳು.

"ನಿನ್ ಗಂಡ ನಿನ್ನ ಕೇಳುದ್ನಾ ಮಗಾ? ತಪ್ಪಾಯ್ತು ಅಂತ?"

"ಊಂ ಕಣವ್ವಾ. ಪೌಲಣ್ಣನೇ ಮನೇಗಂಟ ಬಂದು ಕೇಳ್ಸುದ್ರು. ದೇವ್ರತ್ರ ಕೇಳುದ್ರೆ ಸಾಲ್ದು, ಮೊದ್ಲು ಎಂಡ್ತಿ ಕಾಲ್ ಇಡ್ಕೋ ಅಂದ್ರು. ಇಡ್ಕೊಳ್ಳೋಗಂಟ ನಮ್ಮನೇಲಿ ನೀರೂ ಕುಡೀನಿಲ್ಲ."

ಅವ್ವ ಆ ಹೆಂಗಸಿನ ಕೈಯನ್ನು ಹಿಡಿದುಕೊಂಡೇ ಇದ್ದಳು. ಅವಳ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ಒಳ್ಳೇದಾಯ್ತು ಬುಡು," ಎಂದಳು. ನಾನು ಅತ್ತೆ. ಯಾವ ಅಪ್ಪನಿಗೆ ಅತ್ತೆನೋ ನನಗೆ ತಿಳಿಯದು. ಒಬ್ಬರ ಮನೆ ಬಾಗಿಲಿಗೆ ಹೋಗಿ, ನೀರು ಮುಟ್ಟದೆ ಕೂತು, ಬೇರೆಯವನಿಂದ ಆ ಮಾತನ್ನು ಹೇಳಿಸಿದವನಿಗೆ ಆ ಮಾತು ಗೊತ್ತಿತ್ತು. ಅದರ ಬೆಲೆಯೂ ಗೊತ್ತಿತ್ತು. ಗೊತ್ತಿರಲಿಲ್ಲ ಎಂದಿದ್ದರೆ ನಾನು ಯಾವಾಗಲೋ ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಕೆಲವು ತಿಂಗಳು ಕಳೆದು, ಒಂದು ಭಾನುವಾರ ಸಭೆಯಿಂದ ಬಂದು ಜಗಲಿಯ ಮೇಲೆ ಕೂತಿದ್ದೆವು. ಪಾಸ್ಟರು ಆ ದಿನ ಪರಲೋಕದ ಬಗ್ಗೆ ಹೇಳಿದ್ದರು. ಅವ್ವ ಬೀದಿ ನೋಡುತ್ತಾ ಕೇಳಿದಳು.

"ಅಲ್ಲಿ ನಿಮ್ಮಪ್ಪನೂ ಇರ್ತನಲ್ವಾ ಕೂಸು?"

"ಇರ್ತನೆ ಅಂತಾರೆ ಅವ್ವ."

"ಬೇಕಾದಷ್ಟು ಮನೆ ಅವಂತಲ್ಲ ಅಲ್ಲಿ?"

"ಊಂ. ಹಂಗಂತ ಅಯ್ಯನೋರು ಹೇಳುದ್ರಲ್ಲ."

"ನನ್ಗೊಂದು ಬ್ಯಾರೆ ಮನೆ ಕೊಡಪ್ಪ ಅಂತ ದಿನಾ ಕೇಳ್ಕೋತಾ ಇವ್ನಿ. ಚಿಕ್ದಾದ್ರೂ ಸೈ."

ನನಗೆ ನಗು ಬಂತು. ಅವ್ವ ನಗಲಿಲ್ಲ. ನಾನು ನಗು ನಿಲ್ಲಿಸುವವರೆಗೆ ಕಾದು, ತಲೆಯ ಮೇಲೆ ಸೆರಗೆಳೆದುಕೊಂಡು, ಅಲ್ಲೇ ಕಣ್ಣು ಮುಚ್ಚಿ, ಆ ದಿನದ ಪಾಲಿನದನ್ನು ಕೇಳಿಕೊಳ್ಳತೊಡಗಿದಳು.